ಲಿನಕ್ಸ್ ಅಪ್‌ಡೇಟ್‌ನಲ್ಲಿ ಸಹಿ ಎಚ್ಚರಿಕೆ ಬಂದರೆ: ಅದು ಹೇಳುವುದೇನು, ಮಾಡಬೇಕಾದ್ದೇನು

2026ರ ಫೆಬ್ರವರಿ 1ರಿಂದ ಲಿನಕ್ಸ್‌ನ ಒಂದು ವಿತರಣೆಯಾದ (ಬಳಕೆಗೆ ಸಿದ್ಧವಾದ ರೂಪ) ಡೆಬಿಯನ್ 13 ಬಳಸುವ ಹಲವರಿಗೆ ಹೊಸ ತೊಂದರೆ ಎದುರಾಗಿದೆ. ಹಿಂದಿನ ದಿನದವರೆಗೆ ಸರಾಗವಾಗಿ ಅಪ್‌ಡೇಟ್ ಆಗುತ್ತಿದ್ದ ಕೆಲವು ಹೊರಗಿನ ರೆಪಾಸಿಟರಿಗಳನ್ನು (ಸಾಫ್ಟ್‌ವೇರ್ ಸಂಗ್ರಹಗಳನ್ನು) ಅಲ್ಲಿನ ಅಪ್‌ಡೇಟ್ ಸಾಧನವಾದ ಆಪ್ಟ್ ಈಗ ಒಪ್ಪುತ್ತಿಲ್ಲ. ಸಹಿಯಲ್ಲಿ ಬಳಸುವ ಶಾ-1 ಎಂಬ ಹಳೆಯ ವಿಧಾನ ಸುರಕ್ಷಿತವಲ್ಲ ಎಂಬ ಅರ್ಥದ ಉದ್ದನೆಯ ಸಂದೇಶ ಕೊಟ್ಟು ಅಲ್ಲೇ ನಿಲ್ಲುತ್ತದೆ. ಉಬುಂಟು, ಮಿಂಟ್, ಫೆಡೋರಾ, ಆರ್ಚ್ ಬಳಸುವವರೂ ಇದೇ ಜಾತಿಯ ಬೇರೆ ಸಂದೇಶಗಳನ್ನು ಆಗಾಗ ಕಂಡಿರುತ್ತಾರೆ: ‘ನೋ ಪಬ್‌ಕೀ’, ‘ಬ್ಯಾಡ್‌ಸಿಗ್’, ‘ರೆಪಾಸಿಟರಿ ಈಸ್ ನಾಟ್ ಸೈನ್ಡ್’.

ನೋಡಲು ಎಲ್ಲವೂ ಒಂದೇ ಥರ ಕಂಡರೂ ಇವು ಹೇಳುವ ಸಂಗತಿ ಬೇರೆ ಬೇರೆ. ಕೆಲವು ಬರೀ ನಿರ್ವಹಣೆಗೆ ಸಂಬಂಧಿಸಿದವು, ಕೆಲವು ನೆಟ್‌ವರ್ಕ್ ದೋಷದಿಂದ ಬರುವಂಥವು, ಅಪರೂಪಕ್ಕೆ ಒಂದು ನಿಜವಾದ ದಾಳಿಯ ಸೂಚನೆಯೂ ಆಗಿರಬಹುದು. ಯಾವುದು ಯಾವುದೆಂದು ಗುರುತಿಸಲು ಬಂದರೆ ಪರಿಹಾರ ಹೆಚ್ಚಿನ ಸಲ ಹತ್ತು ನಿಮಿಷದ ಕೆಲಸ. ಕಮಾಂಡ್ ಮತ್ತು ಸಂದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ.

ಸಹಿ ಬೇಕಾಗಿರುವುದು ಏಕೆ

ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಬರುವುದು ರೆಪಾಸಿಟರಿ ಎಂಬ ಸಂಗ್ರಹದಿಂದ. ಡೆಬಿಯನ್‌ನಂಥ ವಿತರಣೆಗಳ ರೆಪಾಸಿಟರಿಗೆ ಜಗತ್ತಿನಾದ್ಯಂತ ನಕಲುಗಳಿವೆ. ಇವನ್ನು ಮಿರರ್ ಎನ್ನುತ್ತಾರೆ. ವಿಶ್ವವಿದ್ಯಾಲಯಗಳು, ಕಂಪನಿಗಳು, ಸ್ವಯಂಸೇವಕರು ಇವನ್ನು ನಡೆಸುತ್ತಾರೆ. ನಿಮ್ಮ ಕಂಪ್ಯೂಟರ್‌ಗೆ ಪ್ಯಾಕೇಜ್ (ಸಾಫ್ಟ್‌ವೇರ್‌ನ ಕಟ್ಟು) ಕೊಡುವ ಸರ್ವರ್ ಡೆಬಿಯನ್‌ನವರದೇ ಆಗಿರಬೇಕೆಂದಿಲ್ಲ. ಆ ಸರ್ವರ್‌ಗೆ ಯಾರಾದರೂ ನುಗ್ಗಿರಬಹುದು, ನಡುವಿನ ನೆಟ್‌ವರ್ಕ್‌ನಲ್ಲಿ ಯಾರಾದರೂ ಫೈಲ್ ಬದಲಿಸಿರಬಹುದು. ಪ್ಯಾಕೇಜ್ ಅನುಸ್ಥಾಪನೆ ನಡೆಯುವುದು ರೂಟ್ ಅಧಿಕಾರದಲ್ಲಿ, ಅಂದರೆ ಇಡೀ ಯಂತ್ರದ ಮೇಲಿನ ಪೂರ್ಣ ಹಿಡಿತದೊಂದಿಗೆ. ಹಾಗಾಗಿ ಫೈಲ್ ಯಾವ ದಾರಿಯಲ್ಲಿ ಬಂತು ಎಂಬುದನ್ನು ನಂಬದೆ, ಫೈಲನ್ನೇ ಪರೀಕ್ಷಿಸುವ ವ್ಯವಸ್ಥೆ ಬೇಕಾಯಿತು. ಅದೇ ಡಿಜಿಟಲ್ ಸಹಿ.

ಹಿಂದೆ ಪತ್ರಗಳಿಗೆ ಅರಗಿನ ಮೊಹರು ಒತ್ತುತ್ತಿದ್ದುದನ್ನು ನೆನೆಯಿರಿ. ಮೊಹರಿನ ಉಂಗುರ ಒಬ್ಬರ ಕೈಯಲ್ಲಿ ಮಾತ್ರ ಇರುತ್ತದೆ. ಅದರ ಅಚ್ಚು ಹೇಗಿರುತ್ತದೆಂದು ಪತ್ರ ಪಡೆಯುವ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಉಂಗುರದ ಜಾಗದಲ್ಲಿ ಇರುವುದು ಖಾಸಗಿ ಕೀಲಿ, ಅಚ್ಚಿನ ಮಾದರಿಯ ಜಾಗದಲ್ಲಿ ಸಾರ್ವಜನಿಕ ಕೀಲಿ. ಖಾಸಗಿ ಕೀಲಿಯಿಂದ ಸಹಿ ಹಾಕಬಹುದು. ಸಾರ್ವಜನಿಕ ಕೀಲಿಯಿಂದ ಸಹಿಯನ್ನು ಪರಿಶೀಲಿಸಬಹುದಷ್ಟೇ, ಹೊಸದಾಗಿ ಹಾಕಲಾಗದು. ಮೊಹರಿಗೆ ಇಲ್ಲದ ಇನ್ನೊಂದು ಗುಣ ಡಿಜಿಟಲ್ ಸಹಿಗಿದೆ: ಫೈಲ್‌ನ ಒಂದೇ ಒಂದು ಬಿಟ್ ಬದಲಾದರೂ ಸಹಿ ಹೊಂದುವುದಿಲ್ಲ.

ಇನ್ನೆರಡು ಪದಗಳು ಗೊತ್ತಿರಬೇಕು. ಹ್ಯಾಶ್ ಎಂದರೆ ಯಾವುದೇ ಫೈಲ್‌ನಿಂದ ಲೆಕ್ಕ ಹಾಕಿ ತೆಗೆದ ನಿಗದಿತ ಉದ್ದದ ಗುರುತು. ಶಾ-256 ಎಂಬ ವಿಧಾನದಲ್ಲಿ ಅದು 64 ಅಕ್ಷರಗಳಷ್ಟಿರುತ್ತದೆ, ಫೈಲ್ ಎಷ್ಟೇ ದೊಡ್ಡದಿರಲಿ. ಫಿಂಗರ್‌ಪ್ರಿಂಟ್ ಎಂದರೆ ಕೀಲಿಯ ಗುರುತು; ಇಂದು ಬಳಕೆಯಲ್ಲಿರುವ ಹೆಚ್ಚಿನ ಕೀಲಿಗಳಲ್ಲಿ ಅದು 40 ಅಕ್ಷರ. ಇದರ ಕೊನೆಯ 16 ಅಕ್ಷರಗಳನ್ನು ಕೀಲಿಯ ಐಡಿ ಎಂದು ಎಚ್ಚರಿಕೆಗಳಲ್ಲಿ ತೋರಿಸುತ್ತಾರೆ.

ಪರಿಶೀಲನೆ ನಡೆಯುವ ಕ್ರಮ

ಡೆಬಿಯನ್ ಬಳಗದಲ್ಲಿ ಪ್ರತಿಯೊಂದು ಪ್ಯಾಕೇಜಿಗೂ ಬೇರೆ ಬೇರೆ ಸಹಿ ಇರುವುದಿಲ್ಲ. ರೆಪಾಸಿಟರಿಯ ‘ಇನ್‌ರಿಲೀಸ್’ ಎಂಬ ಒಂದೇ ಫೈಲ್‌ಗೆ ಸಹಿ ಇರುತ್ತದೆ. ಆ ಫೈಲ್‌ನಲ್ಲಿ ಪ್ಯಾಕೇಜ್ ಪಟ್ಟಿಗಳ ಹ್ಯಾಶ್‌ಗಳಿರುತ್ತವೆ. ಪ್ಯಾಕೇಜ್ ಪಟ್ಟಿಯಲ್ಲಿ ಪ್ರತಿ ಪ್ಯಾಕೇಜಿನ ಹ್ಯಾಶ್ ಇರುತ್ತದೆ. ಕೀಲಿಯಿಂದ ಇನ್‌ರಿಲೀಸ್ ಸರಿಯೆಂದು ತಿಳಿದರೆ, ಅದರಿಂದ ಪಟ್ಟಿ ಸರಿಯೆಂದು ತಿಳಿಯುತ್ತದೆ, ಪಟ್ಟಿಯಿಂದ ಪ್ಯಾಕೇಜ್ ಸರಿಯೆಂದು ತಿಳಿಯುತ್ತದೆ. ಈ ವ್ಯವಸ್ಥೆ 2007ರಲ್ಲಿ ಹೊರಬಂದ ಡೆಬಿಯನ್ 4.0ರಿಂದ ರೂಢಿಯಲ್ಲಿದೆ. ಎಚ್‌ಟಿಟಿಪಿಎಸ್ ಅಲ್ಲದ ಸಾದಾ ಎಚ್‌ಟಿಟಿಪಿ ಮಿರರ್‌ಗಳನ್ನೂ ಆಪ್ಟ್ ಧೈರ್ಯವಾಗಿ ಬಳಸುವುದು ಇದೇ ಕಾರಣಕ್ಕೆ. ನೀವು ಏನು ಇಳಿಸಿಕೊಳ್ಳುತ್ತಿದ್ದೀರಿ ಎಂಬುದು ನಡುವಿನವರಿಗೆ ಕಾಣಬಹುದು, ಆದರೆ ಅವರು ಅದನ್ನು ಬದಲಿಸಿದರೆ ಸಿಕ್ಕಿಬೀಳುತ್ತಾರೆ.

ಈ ಸರಪಳಿಯ ಮೊದಲ ಕೊಂಡಿ ಕೀಲಿ. ಅದು ತಪ್ಪಾದರೆ ಕೆಳಗಿನ ಎಲ್ಲ ಪರಿಶೀಲನೆಯೂ ತಪ್ಪು ವ್ಯಕ್ತಿಯ ಪರವಾಗಿಯೇ ‘ಸರಿ’ ಎನ್ನುತ್ತದೆ.

ಎಚ್ಚರಿಕೆ ಬಂದಾಗ ಕಂಪ್ಯೂಟರ್‌ನಲ್ಲಿ ಏನಾಗಿರುತ್ತದೆ

ಸಹಿ ಹೊಂದದಿದ್ದರೆ ಆಪ್ಟ್ ಆ ರೆಪಾಸಿಟರಿಯ ಹೊಸ ಪಟ್ಟಿಯನ್ನು ಬದಿಗಿಟ್ಟು, ಹಿಂದಿನ ಸಲ ಪರಿಶೀಲಿಸಿದ ಹಳೆಯ ಪಟ್ಟಿಯನ್ನೇ ಮುಂದುವರಿಸುತ್ತದೆ. ಆದ್ದರಿಂದ ಎಚ್ಚರಿಕೆ ಕಂಡ ಕ್ಷಣದಲ್ಲಿ ನಿಮ್ಮ ಯಂತ್ರಕ್ಕೆ ಹಾನಿಯಾಗಿರುವುದಿಲ್ಲ. ಹೊಸದಾಗಿ ಸೇರಿಸಿದ ರೆಪಾಸಿಟರಿಯಾದರೆ ಹಳೆಯ ಪಟ್ಟಿಯೇ ಇಲ್ಲದಿರುವುದರಿಂದ ‘ನಾಟ್ ಸೈನ್ಡ್’ ಎಂಬ ದೋಷ ಕೊಟ್ಟು ನಿರಾಕರಿಸುತ್ತದೆ.

ಹಾನಿ ಬರುವುದು ನಿಧಾನವಾಗಿ. ಹಳೆಯ ಪಟ್ಟಿಯಲ್ಲಿ ಹೊಸ ಆವೃತ್ತಿಗಳ ಸುಳಿವೇ ಇರುವುದಿಲ್ಲವಾದ್ದರಿಂದ ಆ ರೆಪಾಸಿಟರಿಯ ಸಾಫ್ಟ್‌ವೇರ್ ಇದ್ದಲ್ಲೇ ಉಳಿಯುತ್ತದೆ. ಕೊನೆಗೆ ‘ಎಲ್ಲ ಪ್ಯಾಕೇಜ್‌ಗಳೂ ಹೊಸತಾಗಿವೆ’ ಎಂಬ ಸಾಲು ಬಂದರೂ ಅದು ಹಳೆಯ ಪಟ್ಟಿಯ ಲೆಕ್ಕದಲ್ಲಿ ಹೇಳಿದ ಮಾತು. ಬ್ರೌಸರ್ ಅನ್ನು ಹೊರಗಿನ ರೆಪಾಸಿಟರಿಯಿಂದ ಹಾಕಿಕೊಂಡವರಿಗೆ ಇದು ದೊಡ್ಡ ಅಪಾಯ. ಅಪ್‌ಡೇಟ್ ತಾನಾಗಿಯೇ ನಡೆಯುವಂತೆ ಹೊಂದಿಸಿದ ಸರ್ವರ್‌ಗಳಲ್ಲಂತೂ ಎಚ್ಚರಿಕೆಯನ್ನು ನೋಡುವವರೇ ಇರುವುದಿಲ್ಲ. ತಿಂಗಳಿಗೊಮ್ಮೆಯಾದರೂ ಕೈಯಾರೆ ‘ಆಪ್ಟ್ ಅಪ್‌ಡೇಟ್’ ಕೊಟ್ಟು ಕೊನೆಯ ಸಾಲುಗಳನ್ನು ಓದಬೇಕು.

ನೋ ಪಬ್‌ಕೀ: ಕೀಲಿ ನಿಮ್ಮ ಬಳಿ ಇಲ್ಲ

ಅತಿ ಹೆಚ್ಚು ಕಾಣುವ ಎಚ್ಚರಿಕೆ ಇದು. ಡೆಬಿಯನ್ 13ರಲ್ಲಿ ಇದೇ ‘ಮಿಸ್ಸಿಂಗ್ ಕೀ’ ಎಂದು ಬರುತ್ತದೆ. ಫೈಲ್‌ಗೆ ಸಹಿಯಿದೆ, ಆದರೆ ಆ ಸಹಿಯನ್ನು ತಾಳೆ ನೋಡಲು ಬೇಕಾದ ಸಾರ್ವಜನಿಕ ಕೀಲಿ ನಿಮ್ಮ ಯಂತ್ರದಲ್ಲಿ ಇಲ್ಲ ಎಂದಷ್ಟೇ ಇದರ ಅರ್ಥ. ಸಹಿ ಸರಿಯೋ ತಪ್ಪೋ ಎಂಬುದನ್ನು ಆಪ್ಟ್ ಇನ್ನೂ ಹೇಳಿಯೇ ಇಲ್ಲ.

ಇದಕ್ಕೆ ಸಾಮಾನ್ಯ ಕಾರಣ, ರೆಪಾಸಿಟರಿಯವರು ಹೊಸ ಕೀಲಿಗೆ ಬದಲಾಗಿರುವುದು. ಕಾಲಿ ಲಿನಕ್ಸ್ ಎಂಬ ವಿತರಣೆಯಲ್ಲಿ 2025ರ ಏಪ್ರಿಲ್‌ನಲ್ಲಿ ಹೀಗಾಯಿತು. ಸಹಿ ಹಾಕುವ ಕೀಲಿಯನ್ನು ತಾವು ಕಳೆದುಕೊಂಡಿದ್ದಾಗಿ ತಂಡ ಬಹಿರಂಗವಾಗಿ ಹೇಳಿಕೊಂಡು ಹೊಸ ಕೀಲಿ ಪ್ರಕಟಿಸಿತು. ಹೊಸ ಕೀಲಿ ಅಪ್‌ಡೇಟ್ ಮೂಲಕ ಬರುವಂತಿರಲಿಲ್ಲ, ಏಕೆಂದರೆ ಅಪ್‌ಡೇಟ್ ನಂಬಬೇಕಾದರೆ ಅದೇ ಕೀಲಿ ಮೊದಲೇ ಇರಬೇಕು. ಹಾಗಾಗಿ ಬಳಕೆದಾರರೆಲ್ಲ ಅದನ್ನು ಕೈಯಾರೆ ಇಳಿಸಿಕೊಳ್ಳಬೇಕಾಯಿತು.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಎಚ್ಚರಿಕೆಯಲ್ಲಿ ಕೀಲಿಯ ಐಡಿ ಬರೆದಿರುತ್ತದೆ. ಆ ಐಡಿಯನ್ನು ನಕಲು ಮಾಡಿ, ಕೀಸರ್ವರ್‌ನಿಂದ (ಸಾರ್ವಜನಿಕ ಕೀಲಿಗಳನ್ನು ಇಟ್ಟಿರುವ ಸರ್ವರ್) ಆ ಕೀಲಿಯನ್ನು ತರಿಸಿ ಸೇರಿಸಿದರೆ ಎಚ್ಚರಿಕೆ ಮಾಯವಾಗುತ್ತದೆ. ಅಂತರ್ಜಾಲದ ತುಂಬ ಇದೇ ಸಲಹೆ. ಆದರೆ ಆ ಐಡಿ ಬಂದದ್ದು ಎಲ್ಲಿಂದ? ಈಗಷ್ಟೇ ಇಳಿಸಿದ, ಇನ್ನೂ ಪರಿಶೀಲನೆಯಾಗದ ಫೈಲ್‌ನಿಂದಲೇ. ದಾಳಿಕೋರನೊಬ್ಬ ಫೈಲ್ ಬದಲಿಸಿ ತನ್ನ ಕೀಲಿಯಿಂದ ಸಹಿ ಹಾಕಿದ್ದರೆ, ಎಚ್ಚರಿಕೆಯಲ್ಲಿ ಕಾಣುವುದು ಅವನದೇ ಕೀಲಿಯ ಐಡಿ. ಕೀಸರ್ವರ್‌ಗೆ ಯಾರು ಬೇಕಾದರೂ ಕೀಲಿ ಹಾಕಬಹುದು, ಅದಕ್ಕೆ ಯಾವ ಹೆಸರನ್ನಾದರೂ ಅಂಟಿಸಬಹುದು. ಅಲ್ಲಿಂದ ತಂದ ಕೀಲಿ ಸಹಿಗೆ ಹೊಂದುತ್ತದೆ, ನಿಜ. ಹೊಂದಲೇಬೇಕು, ಸಹಿ ಹಾಕಿದ್ದೇ ಅದರ ಜೋಡಿ ಕೀಲಿ. ಇದರಿಂದ ಸಿದ್ಧವಾಗುವುದು ಏನೂ ಇಲ್ಲ.

ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಕೀಲಿ ಆ ರೆಪಾಸಿಟರಿಯವರದೇ ಎಂದು ನನಗೆ ಹೇಳಿದವರು ಯಾರು? ಉತ್ತರ ರೆಪಾಸಿಟರಿ ಫೈಲ್‌ನ ಹೊರಗಿನಿಂದ ಬರಬೇಕು. ಅಂದರೆ ಅವರ ಅಧಿಕೃತ ತಾಣದ ಎಚ್‌ಟಿಟಿಪಿಎಸ್ ಪುಟದಿಂದ, ಹಳೆಯ ಕೀಲಿಯಿಂದ ಸಹಿ ಮಾಡಿದ ಪ್ರಕಟಣೆಯಿಂದ, ಅಥವಾ ವಿತರಣೆಯ ಕೀರಿಂಗ್ (ಕೀಲಿಗಳ ಗೊಂಚಲು) ಪ್ಯಾಕೇಜ್‌ನಿಂದ. ತಾಣವೇ ಕೈತಪ್ಪುವ ಸಂಭವವೂ ಇದೆ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ತಾವು ತಿದ್ದಿದ ಐಎಸ್‌ಒ ಫೈಲ್‌ಗೆ (ಇಡೀ ವ್ಯವಸ್ಥೆಯನ್ನು ಹಾಕಲು ಬಳಸುವ ಫೈಲ್) ತಿರುಗಿಸಿದ್ದರು. ಆದ್ದರಿಂದ ಫಿಂಗರ್‌ಪ್ರಿಂಟನ್ನು ಎರಡು ಬೇರೆ ಬೇರೆ ಕಡೆ ನೋಡುವುದು ಒಳ್ಳೆಯದು. ಅವರ ತಾಣದಲ್ಲೊಮ್ಮೆ, ಅವರ ಸೋರ್ಸ್ ಕೋಡ್ ಇರುವ ಜಾಗದಲ್ಲೊಮ್ಮೆ ನೋಡಿದರೆ ಸಾಕು.

ಹೋಲಿಸುವಾಗ 40 ಅಕ್ಷರಗಳನ್ನೂ ಹೋಲಿಸಬೇಕು. ಹಿಂದೆ ಕೊನೆಯ 8 ಅಕ್ಷರಗಳ ಕಿರು ಐಡಿ ನೋಡುವ ರೂಢಿಯಿತ್ತು. 8 ಅಕ್ಷರವೆಂದರೆ 32 ಬಿಟ್. ಅಷ್ಟು ಹೊಂದುವ ನಕಲಿ ಕೀಲಿಯನ್ನು ಸಾಮಾನ್ಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡುಗಳಲ್ಲಿ ತಯಾರಿಸಬಲ್ಲದು. ಲಿನಕ್ಸ್ ಸೃಷ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅವರ ಕೀಲಿಯ ಕಿರು ಐಡಿಯನ್ನೇ ಹೊತ್ತ ನಕಲಿ ಕೀಲಿ 2016ರಲ್ಲಿ ಕೀಸರ್ವರ್‌ಗಳಲ್ಲಿ ಪತ್ತೆಯಾಗಿತ್ತು.

ಕೀಲಿ ಸೇರಿಸುವ ಸರಿಯಾದ ವಿಧಾನ

ವಿತರಣೆಯದೇ ಕೀಲಿ ಇಲ್ಲವಾಗಿದ್ದರೆ ಡೆಬಿಯನ್‌ನಲ್ಲಿ ‘ಡೆಬಿಯನ್-ಆರ್ಕೈವ್-ಕೀರಿಂಗ್’, ಉಬುಂಟುವಿನಲ್ಲಿ ‘ಉಬುಂಟು-ಕೀರಿಂಗ್’ ಪ್ಯಾಕೇಜನ್ನು ಹೊಸತಾಗಿಸಬೇಕು. ವರ್ಷಗಟ್ಟಲೆ ಮುಟ್ಟದ ಯಂತ್ರವಾದರೆ ಆ ಒಂದು ಪ್ಯಾಕೇಜನ್ನು ಅಧಿಕೃತ ತಾಣದಿಂದ ಎಚ್‌ಟಿಟಿಪಿಎಸ್‌ನಲ್ಲಿ ಇಳಿಸಿ, ಹ್ಯಾಶ್ ತಾಳೆ ನೋಡಿ ಪ್ಯಾಕೇಜ್ ಫೈಲನ್ನು ನೇರವಾಗಿ ಅನುಸ್ಥಾಪಿಸುವ ‘ಡಿಪಿಕೆಜಿ’ ಕಮಾಂಡ್‌ನಿಂದ ಹಾಕಬಹುದು.

ಹೊರಗಿನ ರೆಪಾಸಿಟರಿಗಾದರೆ ಕ್ರಮ ಹೀಗೆ:

1. ಅಧಿಕೃತ ಪುಟದಲ್ಲಿ ಕೊಟ್ಟಿರುವ ಕೀಲಿ ಫೈಲನ್ನು ಮೊದಲು ನಿಮ್ಮ ಹೋಮ್ ಫೋಲ್ಡರ್‌ಗೆ ಇಳಿಸಿ. ನೇರವಾಗಿ ಸಿಸ್ಟಂ ಫೋಲ್ಡರ್‌ಗೆ ಹಾಕಬೇಡಿ.
2. ಕೀಲಿ, ಸಹಿಗಳನ್ನು ನೋಡಿಕೊಳ್ಳುವ ‘ಜಿಪಿಜಿ’ ಕಮಾಂಡ್‌ಗೆ ‘ಶೋ-ಕೀಸ್’ ಆಯ್ಕೆ ಕೊಟ್ಟು ಆ ಫೈಲ್ ತೋರಿಸಿ. ಕೀಲಿಯನ್ನು ಎಲ್ಲೂ ಸೇರಿಸದೆ ಫಿಂಗರ್‌ಪ್ರಿಂಟ್, ಹೆಸರು, ಅವಧಿ ಮುಗಿಯುವ ದಿನಾಂಕವನ್ನು ಅದು ತೋರಿಸುತ್ತದೆ. ಪ್ರಕಟಿತ ಫಿಂಗರ್‌ಪ್ರಿಂಟ್ ಜತೆ ಹೋಲಿಸಿ.
3. ಹೊಂದಿದರೆ ಮಾತ್ರ ಆ ಫೈಲನ್ನು ‘ಇಟಿಸಿ’ಯೊಳಗಿನ ‘ಆಪ್ಟ್’ ಫೋಲ್ಡರ್‌ನ ‘ಕೀರಿಂಗ್ಸ್’ ಉಪಫೋಲ್ಡರ್‌ಗೆ ಹಾಕಿ. ಅನುಮತಿ 644 (ಎಲ್ಲರೂ ಓದಬಹುದು, ಒಡೆಯ ಮಾತ್ರ ಬದಲಿಸಬಹುದು) ಇರಲಿ.
4. ರೆಪಾಸಿಟರಿಯ ವಿಳಾಸ ಬರೆದಿರುವ ಸೋರ್ಸಸ್ ಫೈಲ್‌ನಲ್ಲಿ ‘ಸೈನ್ಡ್-ಬೈ’ ಸಾಲಿಗೆ ಆ ಕೀಲಿ ಫೈಲ್‌ನ ಪೂರ್ಣ ವಿಳಾಸ ಬರೆದು, ‘ಆಪ್ಟ್ ಅಪ್‌ಡೇಟ್’ ಕೊಡಿ.

ಇಷ್ಟಾದರೂ ‘ನೋ ಪಬ್‌ಕೀ’ ಹೋಗದಿದ್ದರೆ ಕಾರಣ ಹೆಚ್ಚಾಗಿ ಈ ಮೂರರಲ್ಲಿ ಒಂದು. ಮೊದಲನೆಯದು ಅನುಮತಿ: ಆಪ್ಟ್ ಪರಿಶೀಲನೆಯನ್ನು ‘_ಆಪ್ಟ್’ ಎಂಬ ಅಧಿಕಾರವಿಲ್ಲದ ಬಳಕೆದಾರನ ಹೆಸರಿನಲ್ಲಿ ನಡೆಸುತ್ತದೆ, ಫೈಲ್‌ನ ಅನುಮತಿ 600 ಇದ್ದರೆ ಅವನಿಗೆ ಓದಲಾಗದು. ಎರಡನೆಯದು ಫೈಲ್‌ನ ರೂಪ: ಕೀಲಿ ‘ಬಿಗಿನ್ ಪಿಜಿಪಿ ಪಬ್ಲಿಕ್ ಕೀ ಬ್ಲಾಕ್’ ಎಂಬ ಓದಬಹುದಾದ ಸಾಲಿನಿಂದ ಶುರುವಾದರೆ ಫೈಲ್ ಹೆಸರಿನ ಕೊನೆಯಲ್ಲಿ ‘ಎಎಸ್‌ಸಿ’ ಇರಬೇಕು, ಬೈನರಿ ರೂಪವಾದರೆ ‘ಜಿಪಿಜಿ’ ಇರಬೇಕು. ಅದಲುಬದಲಾದರೆ ಹಳೆಯ ಆಪ್ಟ್ ಆ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂರನೆಯದು, ಇಳಿಸಿದ್ದು ಕೀಲಿಯೇ ಅಲ್ಲದಿರುವುದು. ಕೊಂಡಿ ಹಳತಾಗಿದ್ದರೆ ಕೀಲಿಯ ಬದಲು ‘ಪುಟ ಸಿಗಲಿಲ್ಲ’ ಎಂಬ ಎಚ್‌ಟಿಎಂಎಲ್ ಪುಟವೇ ಫೈಲ್ ಆಗಿ ಕುಳಿತಿರುತ್ತದೆ. ಎರಡನೇ ಹಂತ ಬಿಡದೆ ಮಾಡಿದವರಿಗೆ ಇದು ಅಲ್ಲೇ ತಿಳಿಯುತ್ತದೆ.

‘ಕಾನ್‌ಫ್ಲಿಕ್ಟಿಂಗ್ ವ್ಯಾಲ್ಯೂಸ್’ ಎಂಬ ದೋಷ ಬಂದರೆ ಒಂದೇ ರೆಪಾಸಿಟರಿಯನ್ನು ಎರಡು ಫೈಲ್‌ಗಳಲ್ಲಿ, ಬೇರೆ ಬೇರೆ ಕೀಲಿ ತೋರಿಸಿ ಬರೆಯಲಾಗಿದೆ ಎಂದರ್ಥ. ಹಳೆಯದನ್ನು ತೆಗೆಯಿರಿ.

ಆಪ್ಟ್-ಕೀ ಯಾಕೆ ಹೋಯಿತು

ಹಳೆಯ ಸಲಹೆಗಳೆಲ್ಲ ‘ಆಪ್ಟ್-ಕೀ’ ಕಮಾಂಡ್ ಬಳಸಲು ಹೇಳುತ್ತವೆ. ಡೆಬಿಯನ್ 13ರಲ್ಲಿ ಅದು ಇಲ್ಲವೇ ಇಲ್ಲ. ಅದರ ದೋಷ ಇಷ್ಟು: ಅದು ಸೇರಿಸಿದ ಕೀಲಿಯನ್ನು ಎಲ್ಲ ರೆಪಾಸಿಟರಿಗಳಿಗೂ ಒಪ್ಪಲಾಗುತ್ತಿತ್ತು. ಒಂದು ಸಣ್ಣ ಅಪ್ಲಿಕೇಶನ್‌ಗಾಗಿ ಸೇರಿಸಿದ ಕೀಲಿ ಕಳುವಾದರೆ, ಆ ಕೀಲಿಯಿಂದ ಡೆಬಿಯನ್‌ನ ಮುಖ್ಯ ರೆಪಾಸಿಟರಿಯ ಹೆಸರಿನಲ್ಲೇ ಫೈಲ್ ತಯಾರಿಸಿ ನಿಮಗೆ ಉಣಿಸಬಹುದಿತ್ತು. ‘ಸೈನ್ಡ್-ಬೈ’ ಒಂದು ಕೀಲಿಯನ್ನು ಒಂದು ರೆಪಾಸಿಟರಿಗೆ ಕಟ್ಟಿಹಾಕುತ್ತದೆ. ‘ಲೆಗಸಿ ಟ್ರಸ್ಟೆಡ್ ಡಾಟ್ ಜಿಪಿಜಿ ಕೀರಿಂಗ್’ ಎಂಬ ಎಚ್ಚರಿಕೆ ಹೇಳುವುದೂ ಇದನ್ನೇ: ಕೀಲಿ ಸರಿಯಿದೆ, ಇಟ್ಟ ಜಾಗ ಸರಿಯಿಲ್ಲ. ಗಾಬರಿಪಡಬೇಕಿಲ್ಲ, ಬಿಡುವಿದ್ದಾಗ ಮೇಲಿನ ಕ್ರಮದಲ್ಲಿ ಸ್ಥಳಾಂತರಿಸಿ.

ಆದರೂ ಒಂದು ಮಿತಿ ನೆನಪಿರಲಿ. ಹೊರಗಿನ ರೆಪಾಸಿಟರಿಯ ಪ್ಯಾಕೇಜ್ ತನ್ನ ಅನುಸ್ಥಾಪನಾ ಸ್ಕ್ರಿಪ್ಟನ್ನು ರೂಟ್ ಆಗಿಯೇ ಓಡಿಸುತ್ತದೆ. ಕೀಲಿಯನ್ನು ಎಷ್ಟೇ ಕಟ್ಟಿಹಾಕಿದರೂ ಆ ರೆಪಾಸಿಟರಿಯವರನ್ನು ನೀವು ಪೂರ್ತಿಯಾಗಿ ನಂಬಿದಂತೆಯೇ. ಬಳಸದ ರೆಪಾಸಿಟರಿಯನ್ನು ತೆಗೆದುಹಾಕುವುದು ಅದರ ಕೀಲಿ ಸರಿಪಡಿಸುವುದಕ್ಕಿಂತ ಮೇಲು.

ಅವಧಿ ಮುಗಿದ ಕೀಲಿ, ರದ್ದಾದ ಕೀಲಿ

‘ಎಕ್ಸ್‌ಪ್‌ಕೀಸಿಗ್’ ಎಂದರೆ ಸಹಿ ಗಣಿತದ ಲೆಕ್ಕದಲ್ಲಿ ಹೊಂದುತ್ತದೆ, ಆದರೆ ಕೀಲಿಯ ಅವಧಿ ಮುಗಿದಿದೆ. ಮೊದಲು ನಿಮ್ಮ ಯಂತ್ರದ ದಿನಾಂಕ ನೋಡಿ. ಅದು ಸರಿಯಿದ್ದರೆ ರೆಪಾಸಿಟರಿಯವರ ತಾಣಕ್ಕೆ ಹೋಗಿ. ಕೀಲಿಯ ಒಡೆಯರು ಅದೇ ಕೀಲಿಯ ಅವಧಿಯನ್ನು ವಿಸ್ತರಿಸಬಹುದು. ಹಾಗೆ ಮಾಡಿದರೆ ಫಿಂಗರ್‌ಪ್ರಿಂಟ್ ಬದಲಾಗುವುದಿಲ್ಲ. ಹೊಸದಾಗಿ ಇಳಿಸಿದ ಫೈಲ್‌ನ ಫಿಂಗರ್‌ಪ್ರಿಂಟ್ ಹಳೆಯ ಫೈಲಿನದರ ಜತೆ ಪೂರ್ತಿ ಹೊಂದಿದರೆ ನಿಶ್ಚಿಂತೆಯಿಂದ ಬದಲಿಸಬಹುದು. ಹೊಂದದಿದ್ದರೆ ಅದು ಬೇರೆಯೇ ಕೀಲಿ; ಬದಲಾವಣೆಯ ಪ್ರಕಟಣೆ ಹುಡುಕಿ ಓದಿದ ಮೇಲೆಯೇ ಮುಂದುವರಿಯಿರಿ. ಬೆಂಬಲ ನಿಂತುಹೋದ ಹಳೆಯ ಆವೃತ್ತಿಗಳಲ್ಲಿ ಈ ಎಚ್ಚರಿಕೆ ಬಂದರೆ ಹೊಸ ಕೀಲಿ ಹುಡುಕಿ ಪ್ರಯೋಜನವಿಲ್ಲ. ಅಲ್ಲಿ ಭದ್ರತಾ ತಿದ್ದುಪಡಿಗಳೇ ನಿಂತಿರುತ್ತವೆ. ಹೊಸ ಆವೃತ್ತಿಗೆ ಹೋಗುವುದೊಂದೇ ದಾರಿ.

‘ರೆವ್‌ಕೀಸಿಗ್’ ಬೇರೆ ಸಂಗತಿ. ಈ ಕೀಲಿಯನ್ನು ಇನ್ನು ನಂಬಬೇಡಿ ಎಂದು ಒಡೆಯರೇ ರದ್ದುಪಡಿಸಿದ್ದಾರೆ ಎಂದು ಅದರ ಅರ್ಥ. ಕೀಲಿ ಕಳುವಾಗಿರಬಹುದು. ಪ್ರಕಟಣೆ ಓದುವವರೆಗೆ ಆ ರೆಪಾಸಿಟರಿಯಿಂದ ಏನನ್ನೂ ಹಾಕಬೇಡಿ.

ಶಾ-1 ಗೊಂದಲ

ಈಗ ಡೆಬಿಯನ್ 13ರ ವಿಷಯಕ್ಕೆ ಬರೋಣ. ಶಾ-1 ಎಂಬುದು ಹಳೆಯ ಹ್ಯಾಶ್ ವಿಧಾನ. ಒಂದೇ ಶಾ-1 ಹ್ಯಾಶ್ ಇರುವ ಎರಡು ಬೇರೆ ಬೇರೆ ಪಿಡಿಎಫ್ ಫೈಲ್‌ಗಳನ್ನು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು 2017ರಲ್ಲಿ ಮಾಡಿ ತೋರಿಸಿದರು. 2020ರಲ್ಲಿ ಇನ್ನಿಬ್ಬರು ಸಂಶೋಧಕರು ಇನ್ನೂ ಪ್ರಬಲವಾದ ವಿಧಾನದಿಂದ ಪಿಜಿಪಿ (ಈ ಸಹಿಗಳು ಪಾಲಿಸುವ ಪದ್ಧತಿ) ಕೀಲಿಗಳ ಪ್ರಮಾಣೀಕರಣವನ್ನೇ ನಕಲು ಮಾಡಬಹುದೆಂದು ತೋರಿಸಿದರು. ಹೀಗಾಗಿ ಶಾ-1 ಮೇಲೆ ನಿಂತ ಸಹಿಗಳನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ.

ಡೆಬಿಯನ್ 13ರ ಆಪ್ಟ್, ಸಹಿ ಪರಿಶೀಲನೆಗೆ ‘ಎಸ್‌ಕ್ಯೂವಿ’ ಎಂಬ ಹೊಸ ಸಾಧನ ಬಳಸುತ್ತದೆ. ಅದರ ನಿಯಮದಲ್ಲಿ ಶಾ-1ಗೆ 2026ರ ಫೆಬ್ರವರಿ 1ರ ಗಡುವು ಬರೆದಿತ್ತು. ಗಡುವಿಗೆ ಮೊದಲೇ ‘ಒಂದು ವರ್ಷದೊಳಗೆ ಈ ಸಹಿಯನ್ನು ತಿರಸ್ಕರಿಸಲಾಗುವುದು’ ಎಂಬ ಎಚ್ಚರಿಕೆಯೂ ಬರುತ್ತಿತ್ತು. ಅಪ್‌ಡೇಟ್ ನಡೆಯುತ್ತಿದ್ದುದರಿಂದ ಅದು ಕಣ್ತಪ್ಪಿರುವುದು ಸಹಜ.

ಸಿಕ್ಕಿಬಿದ್ದಿರುವುದು ಹೆಚ್ಚಾಗಿ ರೆಪಾಸಿಟರಿ ಫೈಲ್ ಮೇಲಿನ ಸಹಿಯಲ್ಲ. ಕೀಲಿಯೊಳಗೇ ಒಂದು ಸಹಿ ಇರುತ್ತದೆ: ಈ ಹೆಸರು, ಈ ಉಪಕೀಲಿ (ಮುಖ್ಯ ಕೀಲಿಯಡಿಯ ಸಹಾಯಕ ಕೀಲಿ) ನನ್ನದೇ ಎಂದು ಕೀಲಿ ತನ್ನ ಮೇಲೆ ತಾನೇ ಹಾಕಿಕೊಂಡ ಸಹಿ. ಹತ್ತು ಹದಿನೈದು ವರ್ಷ ಹಳೆಯ ಕೀಲಿಗಳಲ್ಲಿ ಇದನ್ನು ಶಾ-1 ಬಳಸಿ ಮಾಡಲಾಗಿದೆ. ‘ಕೀ ಈಸ್ ನಾಟ್ ಬೌಂಡ್’ ಎಂದು ಸಂದೇಶದಲ್ಲಿ ಬರುವುದು ಅದಕ್ಕೇ. ಪರಿಹಾರ ಇರುವುದು ರೆಪಾಸಿಟರಿಯವರ ಕೈಯಲ್ಲಿ: ಅದೇ ಕೀಲಿಗೆ ಶಾ-256 ಬಳಸಿ ಈ ಒಳಸಹಿಯನ್ನು ಮತ್ತೆ ಹಾಕಿ ಪ್ರಕಟಿಸಬೇಕು. ಎಷ್ಟೋ ಕಡೆ ಅವರು ಈಗಾಗಲೇ ಹಾಗೆ ಮಾಡಿರುತ್ತಾರೆ, ನಿಮ್ಮ ಯಂತ್ರದಲ್ಲಿರುವುದು ಮಾತ್ರ ಹಳೆಯ ಪ್ರತಿ. ಆದ್ದರಿಂದ ಮೊದಲು ಕೀಲಿ ಫೈಲನ್ನು ಮತ್ತೆ ಇಳಿಸಿ ನೋಡಿ. ಇಲ್ಲೂ ಫಿಂಗರ್‌ಪ್ರಿಂಟ್ ಹಳೆಯದೇ ಇರುತ್ತದೆ, ತಾಳೆ ನೋಡುವುದು ಸುಲಭ. ಅವರಿನ್ನೂ ಸರಿಪಡಿಸಿಲ್ಲವಾದರೆ ಅವರಿಗೆ ತಿಳಿಸಿ. ನಿಮ್ಮ ಯಂತ್ರದ ನಿಯಮದಲ್ಲಿ ಗಡುವನ್ನು ಮುಂದೂಡಲು ಸಾಧ್ಯವಿದೆ, ಆದರೆ ಹಾಗೆ ಮಾಡಿದರೆ ಎಲ್ಲ ರೆಪಾಸಿಟರಿಗಳಿಗೂ ನಿಯಮ ಸಡಿಲವಾಗುತ್ತದೆ. ಅದಕ್ಕಿಂತ ಆ ಒಂದು ರೆಪಾಸಿಟರಿಯನ್ನು ಸದ್ಯಕ್ಕೆ ನಿಲ್ಲಿಸುವುದು ವಾಸಿ.

ಉಬುಂಟು 24.04ರಲ್ಲಿ ಬರುವ ‘ವೀಕ್ ಅಲ್ಗಾರಿದಂ’ ಎಚ್ಚರಿಕೆ ಇದಕ್ಕೆ ಸಮೀಪದ್ದು. 1024 ಬಿಟ್‌ನ ಆರ್‌ಎಸ್‌ಎ ವಿಧಾನದ ಕೀಲಿ ಈಗಿನ ಲೆಕ್ಕಕ್ಕೆ ಚಿಕ್ಕದು. ಕನಿಷ್ಠ 2048 ಬಿಟ್ ಬೇಕು. ಹಳೆಯ ಪಿಪಿಎಗಳಲ್ಲಿ (ಉಬುಂಟುವಿಗೆ ವ್ಯಕ್ತಿಗಳು, ತಂಡಗಳು ನಡೆಸುವ ರೆಪಾಸಿಟರಿಗಳು) ಇದು ಕಾಣುತ್ತದೆ. ಪಿಪಿಎಯನ್ನು ತೆಗೆದು ಮತ್ತೆ ಸೇರಿಸಿದರೆ ಹೊಸ ಕೀಲಿ ಬರುತ್ತದೆ.

ಬ್ಯಾಡ್‌ಸಿಗ್: ಇಲ್ಲಿ ನಿಲ್ಲಿ

ಇದು ಮೇಲಿನವುಗಳ ಜಾತಿಯದಲ್ಲ. ಕೀಲಿ ನಿಮ್ಮ ಬಳಿ ಇದೆ, ಪರಿಶೀಲನೆಯೂ ನಡೆದಿದೆ, ಫೈಲ್ ಮತ್ತು ಸಹಿ ಹೊಂದಿಲ್ಲ. ಅಂದರೆ ಸಹಿ ಹಾಕಿದ ನಂತರ ಫೈಲ್ ಬದಲಾಗಿದೆ. ಹೊಸ ಕೀಲಿ ಸೇರಿಸುವುದರಿಂದ ಇದು ಸರಿಹೋಗುವುದಿಲ್ಲ.

ಹೆಚ್ಚಿನ ಸಲ ಕಾರಣ ದಾಳಿಯಲ್ಲ: ನಡುವಿನ ಪ್ರಾಕ್ಸಿ (ಫೈಲ್‌ಗಳನ್ನು ದಾಟಿಸುವ ಸರ್ವರ್) ಅರ್ಧ ಹಳೆಯ ಅರ್ಧ ಹೊಸ ಫೈಲ್ ಕೊಟ್ಟಿರುತ್ತದೆ, ಮಿರರ್ ಆ ಹೊತ್ತಿಗೆ ತನ್ನನ್ನು ಹೊಸತಾಗಿಸಿಕೊಳ್ಳುತ್ತಿರುತ್ತದೆ, ಡಿಸ್ಕ್ ಅಥವಾ ಮೆಮೊರಿ ಕೆಟ್ಟಿರುತ್ತದೆ. ‘ವಾರ್’ ಫೋಲ್ಡರ್‌ನೊಳಗೆ ‘ಲಿಬ್’, ಅದರೊಳಗೆ ‘ಆಪ್ಟ್’, ಅದರೊಳಗಿನ ‘ಲಿಸ್ಟ್ಸ್’ ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನು ಅಳಿಸಿ ಮತ್ತೆ ಅಪ್‌ಡೇಟ್ ಕೊಡಿ. ಅವು ಇಳಿಸಿದ ಪಟ್ಟಿಗಳಷ್ಟೇ, ಮತ್ತೆ ಬರುತ್ತವೆ. ಆಗಲೂ ಬಂದರೆ ಬೇರೆ ನೆಟ್‌ವರ್ಕ್‌ನಿಂದ, ನಂತರ ಬೇರೆ ಮಿರರ್‌ನಿಂದ ಪ್ರಯತ್ನಿಸಿ. ಬೇರೆ ನೆಟ್‌ವರ್ಕ್‌ನಲ್ಲಿ ಸರಿಯಾದರೆ ಮೊದಲ ನೆಟ್‌ವರ್ಕ್‌ನಲ್ಲಿ ದೋಷವಿದೆ. ಎಲ್ಲೆಡೆ ಹಾಗೇ ಬಂದರೆ ಏನನ್ನೂ ಹಾಕದೆ ವಿತರಣೆಯವರಿಗೆ ವರದಿ ಮಾಡಿ.

‘ನೋಸ್‌ಪ್ಲಿಟ್’ ಎಂಬ ಸಂದೇಶ ಸಾರ್ವಜನಿಕ ವೈಫೈಗಳಲ್ಲಿ ಬರುತ್ತದೆ. ಲಾಗಿನ್ ಆಗುವವರೆಗೆ ಆ ವೈಫೈ ಯಾವ ಫೈಲ್ ಕೇಳಿದರೂ ತನ್ನ ಲಾಗಿನ್ ಪುಟವನ್ನೇ ಕೊಡುತ್ತದೆ. ಬ್ರೌಸರ್ ತೆರೆದು ಲಾಗಿನ್ ಆದರೆ ಮುಗಿಯಿತು. ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಸರಪಳಿಯ ಕೆಳಗಿನ ಕೊಂಡಿಯದು. ಬಹುಪಾಲು ಮಿರರ್‌ನ ಅರೆಬರೆ ಸ್ಥಿತಿಯ ಫಲ, ಕೆಲವು ಗಂಟೆ ಬಿಟ್ಟು ನೋಡಿ.

ಗಡಿಯಾರ

ಇನ್‌ರಿಲೀಸ್ ಫೈಲ್‌ನಲ್ಲಿ ತಯಾರಾದ ಸಮಯವಿರುತ್ತದೆ, ಹಲವು ರೆಪಾಸಿಟರಿಗಳಲ್ಲಿ ಎಂದಿನವರೆಗೆ ಮಾನ್ಯ ಎಂಬುದೂ ಇರುತ್ತದೆ. ಇದಕ್ಕೊಂದು ಉದ್ದೇಶವಿದೆ. ಹಳೆಯ ಫೈಲ್‌ನ ಸಹಿ ಎಂದೆಂದಿಗೂ ಹೊಂದುತ್ತದಲ್ಲವೇ? ಯಾರಾದರೂ ಆರು ತಿಂಗಳ ಹಿಂದಿನ ಫೈಲನ್ನೇ ಕೊಡುತ್ತ ಹೋದರೆ ಸುಳ್ಳು ಸಹಿ ಇಲ್ಲದೆಯೇ ನಿಮ್ಮ ಅಪ್‌ಡೇಟನ್ನು ತಡೆಯಬಹುದು. ಮಾನ್ಯತೆಯ ದಿನಾಂಕ ಅದನ್ನು ಹಿಡಿಯುತ್ತದೆ. ನಿಮ್ಮ ಗಡಿಯಾರ ಹಿಂದಿದ್ದರೆ ‘ನಾಟ್ ವ್ಯಾಲಿಡ್ ಯೆಟ್’ ಎಂದೂ, ತೀರಾ ಮುಂದಿದ್ದರೆ ‘ಎಕ್ಸ್‌ಪೈರ್ಡ್’ ಎಂದೂ ಬರುತ್ತದೆ. ಬ್ಯಾಟರಿಯುಳ್ಳ ಗಡಿಯಾರವಿಲ್ಲದ ರಾಸ್ಪ್‌ಬೆರಿ ಪೈ, ಬಹುಕಾಲ ನಿಲ್ಲಿಸಿಟ್ಟು ಎಬ್ಬಿಸಿದ ವರ್ಚುವಲ್ ಯಂತ್ರ, ವಿಂಡೋಸ್ ಜತೆ ಹಂಚಿಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ‘ಟೈಮ್‌ಡೇಟ್‌ಸಿಟಿಎಲ್’ ಕಮಾಂಡ್‌ನಿಂದ ಸಮಯ ನೋಡಿ, ಅಂತರ್ಜಾಲದಿಂದ ಸಮಯ ಹೊಂದಿಸುವ ಆಯ್ಕೆ ಚಾಲೂ ಮಾಡಿ. ಮಾನ್ಯತೆಯ ಪರೀಕ್ಷೆಯನ್ನೇ ನಿಲ್ಲಿಸುವ ಸಲಹೆ ಪಾಲಿಸಬೇಡಿ.

ಫೆಡೋರಾ ಮತ್ತು ಆರ್ಚ್

ಫೆಡೋರಾ, ರೆಡ್ ಹ್ಯಾಟ್ ಬಳಗದಲ್ಲಿ ಸಹಿ ಪ್ರತಿ ಆರ್‌ಪಿಎಂ ಪ್ಯಾಕೇಜಿನೊಳಗೇ ಇರುತ್ತದೆ. ಹೊಸ ಕೀಲಿ ಬೇಕಾದಾಗ ಅಲ್ಲಿನ ಅಪ್‌ಡೇಟ್ ಸಾಧನವಾದ ಡಿಎನ್‌ಎಫ್ ಫಿಂಗರ್‌ಪ್ರಿಂಟ್ ತೋರಿಸಿ, ‘ಫ್ರಮ್’ ಎಂದು ಕೀಲಿಯ ಮೂಲ ಬರೆದು, ಒಪ್ಪಿಗೆ ಕೇಳುತ್ತದೆ. ಮೂಲ ನಿಮ್ಮ ಯಂತ್ರದ್ದೇ ‘ಆರ್‌ಪಿಎಂ-ಜಿಪಿಜಿ’ ಫೋಲ್ಡರ್ ಆಗಿದ್ದರೆ ಅದು ವಿತರಣೆಯ ಪ್ಯಾಕೇಜ್ ಜತೆ ಬಂದದ್ದು. ಅಂತರ್ಜಾಲ ವಿಳಾಸವಾಗಿದ್ದರೆ ‘ವೈ’ ಒತ್ತುವ ಮುನ್ನ ತಾಳೆ ನೋಡಿ. ಕೀಲಿಗಳು ಈಗಾಗಲೇ ಇವೆ ಆದರೆ ಈ ಪ್ಯಾಕೇಜಿಗೆ ಸರಿಯಾದವಲ್ಲ ಎಂಬ ಸಂದೇಶ ಬಂದರೆ, ರೆಪಾಸಿಟರಿಯವರು ಕೀಲಿ ಬದಲಿಸಿದ್ದಾರೆ, ನಿಮ್ಮ ರೆಪೊ ಫೈಲ್‌ನ ‘ಜಿಪಿಜಿಕೀ’ ಸಾಲು ಹಳೆಯ ಕೀಲಿಯನ್ನೇ ತೋರಿಸುತ್ತಿದೆ. ಅವರ ರೆಪೊ ಫೈಲನ್ನು ಹೊಸತಾಗಿಸಿ.

ಆರ್ಚ್‌ನಲ್ಲಿ ಪ್ಯಾಕೇಜ್ ತಯಾರಿಸುವವರು ತಂತಮ್ಮ ಕೀಲಿಯಿಂದ ಸಹಿ ಹಾಕುತ್ತಾರೆ. ಅವರನ್ನು ಮುಖ್ಯ ಕೀಲಿಗಳ ಒಡೆಯರು ಪ್ರಮಾಣೀಕರಿಸಿರುತ್ತಾರೆ. ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದಿದ್ದರೆ ಹೊಸಬರ ಕೀಲಿಗಳು ನಿಮ್ಮಲ್ಲಿ ಇಲ್ಲದೆ ‘ಅನ್‌ನೋನ್ ಟ್ರಸ್ಟ್’ ಎಂದು ಬರುತ್ತದೆ. ಮೊದಲು ‘ಆರ್ಚ್‌ಲಿನಕ್ಸ್-ಕೀರಿಂಗ್’ ಪ್ಯಾಕೇಜ್ ಒಂದನ್ನೇ ಹೊಸತಾಗಿಸಿ, ತಕ್ಷಣವೇ ಪೂರ್ಣ ಅಪ್‌ಡೇಟ್ ಮಾಡಿ. ನಡುವೆ ಬಿಟ್ಟರೆ ಅರ್ಧ ಹೊಸ ಅರ್ಧ ಹಳೆಯ ವ್ಯವಸ್ಥೆಯಾಗುತ್ತದೆ, ಆರ್ಚ್ ಅದನ್ನು ಬೆಂಬಲಿಸುವುದಿಲ್ಲ.

ಮಾಡಬಾರದ್ದು

‘ಟ್ರಸ್ಟೆಡ್=ಯಸ್’, ‘ಅಲೋ-ಅನ್‌ಆಥೆಂಟಿಕೇಟೆಡ್’, ‘ನೋಜಿಪಿಜಿಚೆಕ್’, ಆರ್ಚ್‌ನ ಅಪ್‌ಡೇಟ್ ಸಾಧನ ಪ್ಯಾಕ್‌ಮನ್‌ನ ‘ಸಿಗ್‌ಲೆವೆಲ್ = ನೆವರ್’. ಇವೆಲ್ಲ ಎಚ್ಚರಿಕೆಯನ್ನು ನಿಲ್ಲಿಸುವುದು ಪರಿಶೀಲನೆಯನ್ನೇ ನಿಲ್ಲಿಸಿ. ‘ಇವತ್ತೊಂದು ದಿನ’ ಎಂದು ಸೋರ್ಸಸ್ ಫೈಲ್‌ನಲ್ಲಿ ಬರೆದ ಸಾಲು ವರ್ಷಗಳ ಕಾಲ ಅಲ್ಲೇ ಉಳಿಯುತ್ತದೆ, ಮತ್ತು ಆಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಹಿಂದೆ ಹಾಕಿದ್ದು ಉಳಿದಿದೆಯೇ ಎಂದು ಈಗಲೇ ಒಮ್ಮೆ ಹುಡುಕಿ.

ಸಹಿ ಹೇಳದಿರುವುದು

ಸಹಿ ಸರಿಯಿದ್ದರೆ ಫೈಲ್ ಆ ಕೀಲಿಯುಳ್ಳವರಿಂದಲೇ ಬಂದಿದೆ, ದಾರಿಯಲ್ಲಿ ಬದಲಾಗಿಲ್ಲ ಎಂದು ತಿಳಿಯುತ್ತದೆ. ಒಳಗಿರುವ ಕೋಡ್ ಒಳ್ಳೆಯದೇ ಎಂದು ತಿಳಿಯುವುದಿಲ್ಲ. 2008ರಲ್ಲಿ ರೆಡ್ ಹ್ಯಾಟ್ ವ್ಯವಸ್ಥೆಗೆ ನುಗ್ಗಿದವರು ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನ ಕೆಲವು ಪ್ಯಾಕೇಜ್‌ಗಳಿಗೆ ಅಸಲಿ ಕೀಲಿಯಿಂದಲೇ ಸಹಿ ಹಾಕಿಸಿದ್ದರು. 2024ರಲ್ಲಿ ‘ಎಕ್ಸ್‌ಜೆಡ್’ ಎಂಬ ಸಂಕುಚನ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲನ್ನು (ಗುಟ್ಟಾಗಿ ಒಳನುಗ್ಗುವ ದಾರಿ) ಅಡಗಿಸಿದ್ದು ಅದರ ನಿರ್ವಾಹಕರಲ್ಲೊಬ್ಬನೇ. ಆ ಆವೃತ್ತಿ ಡೆಬಿಯನ್‌ನ ಪರೀಕ್ಷಾ ಶಾಖೆಗಳಿಗೂ ಫೆಡೋರಾದ ಅಭಿವೃದ್ಧಿ ಶಾಖೆಯಾದ ರಾಹೈಡ್‌ಗೂ ಎಲ್ಲ ಸಹಿಗಳು ಸರಿಯಾಗಿಯೇ ಇದ್ದು ತಲುಪಿತ್ತು. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಬೆನ್ನುಹತ್ತಿದ ಸಾಫ್ಟ್‌ವೇರ್ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಕಂಡುಹಿಡಿದು ಮಾರ್ಚ್ 29ರಂದು ಬಹಿರಂಗಪಡಿಸಿದರು.

ಡೆಬಿಯನ್ ಅದನ್ನು ಹಿಂದೆಗೆದುಕೊಂಡ ರೀತಿ ಈ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ತೋರಿಸುತ್ತದೆ. ಆಪ್ಟ್ ತಾನಾಗಿ ಕೆಳಗಿನ ಆವೃತ್ತಿಗೆ ಇಳಿಯುವುದಿಲ್ಲವಾದ್ದರಿಂದ, ಹಳೆಯ 5.4.5ರ ಕೋಡನ್ನೇ ‘5.6.1+ರಿಯಲಿ5.4.5-1’ ಎಂಬ ಮೇಲಿನ ಸಂಖ್ಯೆ ಕೊಟ್ಟು ಬಿಡುಗಡೆ ಮಾಡಿತು. ಅಪ್‌ಡೇಟ್ ಪಟ್ಟಿ ಸರಿಯಾಗಿ ಹೊಸತಾಗುತ್ತಿದ್ದ ಯಂತ್ರಗಳಲ್ಲಿ ಮುಂದಿನ ಅಪ್‌ಗ್ರೇಡ್‌ನಲ್ಲೇ ಹಿಂಬಾಗಿಲಿನ ಪ್ಯಾಕೇಜ್ ಹೋಗಿ ಇದು ಬಂದು ಕುಳಿತಿತು.